ಬೆಣ್ಣೆಗೂ ಎಣ್ಣೆಗೂ ಅಳತೆ ಒಂದೇ ಅಲ್ಲ

ನಿಮ್ಮ ಲೇಖನದಲ್ಲಿ ಕೇಕಿಗೆ ಬೆಣ್ಣೆ ಬದಲು ಯಾವ ಎಣ್ಣೆಯನ್ನಾದರೂ ಅದೇ ಅಳತೆಯಲ್ಲಿ ಹಾಕಬಹುದು ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಬೆಣ್ಣೆಯಲ್ಲಿ ಕೊಬ್ಬು ಶೇ. 80ರಷ್ಟು, ಉಳಿದದ್ದು ಹೆಚ್ಚಾಗಿ ನೀರು. ಎಣ್ಣೆ ಪೂರ್ತಿ ಕೊಬ್ಬೇ. ಹಾಗಾಗಿ 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ಎಣ್ಣೆ, ಒಂದು ದೊಡ್ಡ ಚಮಚ ಹಾಲು ಸಾಕು. ಜಾಸ್ತಿಯಾದರೆ ಕೇಕ್ ಜಿಡ್ಡಾಗುತ್ತದೆ.

ಯಾವ ಎಣ್ಣೆ ಎನ್ನುವುದು ಇನ್ನೂ ಮುಖ್ಯ. ಇಲ್ಲಿ ಪುಣೆಯಲ್ಲಿ ಶೇಂಗಾ ಎಣ್ಣೆ ಬಳಸುವ ಮನೆಗಳು ಬಹಳ. ಗಾಣದ್ದಾದರೆ ಪರಿಮಳ ಜೋರು. ಚಟ್ನಿಪುಡಿ ಕಲಸಲು ಅದರಷ್ಟು ರುಚಿ ಬೇರೆ ಇಲ್ಲ, ಆದರೆ ವೆನಿಲಾ ಕೇಕಿಗೆ ಖಂಡಿತ ಬೇಡ. ಅದಕ್ಕೆ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸರಿ. ಗೋವಾದ ಬಾತ್ ಥರದ ರವೆ-ತೆಂಗಿನಕಾಯಿ ಕೇಕಿಗೆ ಕೊಬ್ಬರಿ ಎಣ್ಣೆ ಚೆನ್ನಾಗಿ ಹೊಂದುತ್ತದೆ. ಒಂದೇ ತೊಂದರೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಫ್ರಿಜ್ಜಿನ ಮೊಸರು ಹಾಗೇ ಸುರಿದರೆ ಹಿಟ್ಟಿನ ತುಂಬ ಗಂಟು. ಮೊಸರು, ಹಾಲು ಎರಡನ್ನೂ ಮೊದಲೇ ಹೊರಗಿಡಿ.

ನಾನ್‌ಖಟಾಯಿಗೆ ಮಾತ್ರ ದಯವಿಟ್ಟು ಎಣ್ಣೆ ಹೇಳಬೇಡಿ. ಗಟ್ಟಿ ತುಪ್ಪವನ್ನು ಸಕ್ಕರೆ ಜೊತೆ ಚೆನ್ನಾಗಿ ತಿಕ್ಕಿದಾಗ ಒಳಗೆ ಗಾಳಿ ಸೇರುತ್ತದೆ. ನಾನ್‌ಖಟಾಯಿ ಬಾಯಲ್ಲಿ ಪುಡಿಯಾಗುವುದಕ್ಕೆ ಅದೂ ಕಾರಣ ಅಲ್ವಾ? ಎಣ್ಣೆ ಆ ಗಾಳಿಯನ್ನು ಹಿಡಿದಿಡುವುದಿಲ್ಲ, ಬೇಯುವಾಗ ಬಿಸ್ಕತ್ತು ಹರಡಿ ಚಪ್ಪಟೆಯಾಗುತ್ತದೆ. ದೀಪಾವಳಿಗೆ ಮುಂಚೆ ಲೇಖನದಲ್ಲಿ ಇಷ್ಟನ್ನು ಸೇರಿಸಿದರೆ ಮೊದಲ ಸಲ ಮಾಡುವವರ ತುಪ್ಪ, ಹಿಟ್ಟು ಉಳಿಯುತ್ತದೆ.