ಮೊದಲ ಬಿಯರ್‌ಗೆ ಮಾಲ್ಟ್ ಎಕ್ಸ್‌ಟ್ರಾಕ್ಟೇ ಸರಿ

ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲದ ದೇಶಕ್ಕೆ ಬಂದ ಮೇಲೆ ನನಗೆ ಈ ಹವ್ಯಾಸ ಹತ್ತಿತು. ಇಲ್ಲಿರುವ ಕನ್ನಡದ ಗೆಳೆಯರು ಶುರು ಮಾಡುವಾಗ ಕೇಳುವುದು ಒಂದೇ. ಬಾರ್ಲಿ ಕಾಳಿನಿಂದಲೇ ಮಾಡಲಾ, ಮಾಲ್ಟ್ ಎಕ್ಸ್‌ಟ್ರಾಕ್ಟ್ ತರಲಾ? ಮೊದಲ ಸಲಕ್ಕೆ ಎಕ್ಸ್‌ಟ್ರಾಕ್ಟೇ ತನ್ನಿ ಅನ್ನುತ್ತೇನೆ.

ಅದು ಅಡ್ಡದಾರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೂ ಬಾರ್ಲಿಯೇ ಅಲ್ವಾ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸುತ್ತಾರೆ. ಪಿಷ್ಟ ಸಕ್ಕರೆಯಾದ ಮೇಲೆ ಬಸಿದು, ನೀರು ಇಂಗಿಸಿದರೆ ಪಾಕ, ಪೂರ್ತಿ ಒಣಗಿಸಿದರೆ ಪುಡಿ. ಇದನ್ನೇ ಮನೆಯಲ್ಲಿ ಮಾಡಬೇಕಾದರೆ ನೀರನ್ನು 65ರಿಂದ 68 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದಿಡಬೇಕು. ದೊಡ್ಡ ಪಾತ್ರೆ ಬೇಕು, ಹೆಚ್ಚುಕಮ್ಮಿ ಇಡೀ ದಿನ ಬೇಕು. ಹೊಸಬರು ಅಲ್ಲೇ ಸುಸ್ತಾಗುತ್ತಾರೆ. ಆದರೆ ಬಿಯರ್ ಕೆಡುವುದು ಹೆಚ್ಚಾಗಿ ಆಮೇಲೆ, ಯೀಸ್ಟ್ ಹಾಕುವ ಹೊತ್ತಿನಲ್ಲಿ. ಗಮನ ಅಲ್ಲಿಗೆ ಉಳಿದಿರಬೇಕು.

ಹಾಗಂತ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಬೆರೆಸಿಟ್ಟ ಎಕ್ಸ್‌ಟ್ರಾಕ್ಟ್ ಡಬ್ಬಿ ತಂದು, ಒಂದು ಕಿಲೋ ಸಕ್ಕರೆ ಸುರಿದು ಕಲಸುವ ದಾರಿಯೂ ನನಗೆ ಹಿಡಿಸದು. ಬಿಯರ್ ತೆಳ್ಳಗಾಗುತ್ತದೆ. ಆ ಸಕ್ಕರೆಯ ಬದಲು ಮಾಲ್ಟ್ ಪುಡಿಯನ್ನೇ ಹಾಕಿದರೂ ರುಚಿ ಎಷ್ಟೋ ಸುಧಾರಿಸುತ್ತದೆ. ಅದಕ್ಕಿಂತ ಒಳ್ಳೆಯದು, ಬರೀ ಎಕ್ಸ್‌ಟ್ರಾಕ್ಟ್ ತಂದು ಹಾಪ್ಸ್ ನೀವೇ ಕುದಿಸುವುದು. ಕಹಿಗೆ ಬೇಕಾದ ಹಾಪ್ಸ್ ಒಂದು ಗಂಟೆ ಕುದಿಯಬೇಕು, ಘಮಕ್ಕೆ ಬೇಕಾದದ್ದನ್ನು ಒಲೆ ಆರಿಸುವ ಮುಂಚೆ ಹಾಕಿದರೆ ಸಾಕು.

20 ಲೀಟರಿಗೆ ಸುಮಾರು 3 ಕಿಲೋ ಪಾಕ, ಇಲ್ಲವೇ 2.5 ಕಿಲೋ ಪುಡಿ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.045ರ ಆಸುಪಾಸು ತೋರಿಸುತ್ತದೆ. ನನ್ನ ಓಟು ಪುಡಿಗೆ. ಪಾಕ ಹಳೆಯದಾದರೆ ಬಣ್ಣ ಕಪ್ಪಾಗಿ ಒಂಥರಾ ಹಳಸಲು ರುಚಿ ಬರುತ್ತದೆ, ಡಬ್ಬಿಯ ತಾರೀಖು ನೋಡದೆ ಕೊಳ್ಳಬೇಡಿ. ಪುಡಿ ಬಾಳಿಕೆ ಬರುತ್ತದೆ, ಆದರೆ ಹಬೆ ತಾಗಿದರೆ ಗಂಟುಕಟ್ಟಿ ಚೀಲಕ್ಕೇ ಅಂಟಿಕೊಳ್ಳುತ್ತದೆ. ಯಾವುದಾದರೂ ಸರಿ, ಬಿಸಿನೀರಿಗೆ ಹಾಕುವಾಗ ಪಾತ್ರೆಯನ್ನು ಒಲೆಯಿಂದ ಇಳಿಸಿ. ಇಲ್ಲದಿದ್ದರೆ ಪಾಕ ಸೀದಾ ಕೆಳಗಿಳಿದು ತಳ ಹಿಡಿಯುತ್ತದೆ, ಆ ಸೀದ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಪೂರ್ತಿ ಕರಗಿದ ಮೇಲೆ ಮತ್ತೆ ಒಲೆಗೇರಿಸಿ, ಕುದಿ ಬರುವ ತನಕ ಪಕ್ಕದಲ್ಲೇ ನಿಲ್ಲಿ. ಹಾಲಿನ ಹಾಗೆ ಕಣ್ಣು ತಪ್ಪಿಸಿ ಉಕ್ಕುತ್ತದೆ. ಬಿಯರ್ ತಿಳಿಬಣ್ಣದ್ದೇ ಬೇಕಿದ್ದರೆ ಅರ್ಧ ಎಕ್ಸ್‌ಟ್ರಾಕ್ಟನ್ನು ಕುದಿಯ ಕೊನೆಗೆ ಉಳಿಸಿಕೊಳ್ಳಿ.

ಆಮೇಲೆ ಬೇಗ ತಣಿಸಬೇಕು. ಇಲ್ಲಿಂದ ಮುಂದೆ ಅದಕ್ಕೆ ಸೋಕುವ ಸೌಟು, ಕೊಳವೆ, ಮುಚ್ಚಳ ಎಲ್ಲವೂ ಪಾತ್ರೆಪಗಡಿಯ ಸೂಕ್ಷ್ಮಾಣು ಕೊಲ್ಲುವ ಸ್ಯಾನಿಟೈಸರ್‌ನಲ್ಲಿ ಅದ್ದಿದ್ದಾಗಿರಲಿ. ಸುಮ್ನೆ ತೊಳೆದರೆ ಸಾಲದು. ತಣಿದದ್ದನ್ನು ಬಕೆಟ್ಟಿಗೆ ಸುರಿದು ಯೀಸ್ಟ್ ಹಾಕಿ, ಮೊದಲ ಸಲಕ್ಕೆ 11 ಗ್ರಾಂನ ಒಂದು ಒಣ ಯೀಸ್ಟ್ ಪೊಟ್ಟಣ ಧಾರಾಳ. ಏಲ್ ಅನ್ನುವ ಬಗೆಯ ಬಿಯರಿನ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 20 ಡಿಗ್ರಿ ಇದ್ದರೆ ಬಕೆಟ್ಟಿನ ಒಳಗೆ ಇನ್ನೂ ಜಾಸ್ತಿ ಇರುತ್ತದೆ. ಬಕೆಟ್ಟನ್ನು ತಣ್ಣೀರಿನ ತೊಟ್ಟಿಯಲ್ಲಿ ಇಟ್ಟರೆ ಬೇಕಾದಷ್ಟಾಯಿತು. ದುಬಾರಿ ಪಾತ್ರೆಗಿಂತ ಈ ತೊಟ್ಟಿಯೇ ಬಿಯರನ್ನು ಹೆಚ್ಚು ಚೆನ್ನಾಗಿಸುತ್ತದೆ.

ಏರ್‌ಲಾಕಿನಲ್ಲಿ (ಗ್ಯಾಸನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ, ಮುಚ್ಚಳದ ಮೇಲಿನ ಕೊಳವೆ) ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ. ಗುಳ್ಳೆಯನ್ನು ನಂಬುವಂತಿಲ್ಲ. ಎರಡು ವಾರ ಬಿಟ್ಟು, ಎರಡು ಮೂರು ದಿನದ ಅಂತರದಲ್ಲಿ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಿದರೆ ಮಾತ್ರ ಮುಗಿದಂತೆ. ಹುದುಗು ಮುಗಿಯದ ಬಿಯರನ್ನು ತುಂಬಿದರೆ ಬಾಟಲಿ ಸಿಡಿದು ಗಾಯ ಮಾಡಬಹುದು. ಗ್ಯಾಸ್ ಹಿಡಿಯಲು 20 ಲೀಟರಿಗೆ ಸುಮಾರು 120 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕುದಿಸಿ, ಆರಿಸಿ ಬೆರೆಸಬೇಕು. ಬಾಟಲಿ ಇನ್ನೆರಡು ವಾರ ಹೊರಗೇ ಇರಲಿ, ಫ್ರಿಜ್‌ಗೆ ಹೋಗುವುದು ಆಮೇಲೆ.

ಎರಡನೇ ಸಲಕ್ಕೇ ಕಾಳಿಗೆ ಹಾರಬೇಡಿ. ಅದೇ ಎಕ್ಸ್‌ಟ್ರಾಕ್ಟ್, ಅದೇ ಹಾಪ್ಸ್ ಇಟ್ಟುಕೊಂಡು ಯೀಸ್ಟ್ ಒಂದನ್ನೇ ಬದಲಿಸಿ ನೋಡಿ. ರುಚಿಯಲ್ಲಿ ಯೀಸ್ಟ್‌ನ ಪಾಲೆಷ್ಟು ಅನ್ನೋದು ಆಗ ಗೊತ್ತಾಗುತ್ತದೆ.