ನಮ್ಮ ಟಾಮಿ ಏನೂ ಮಾಡಲ್ಲ ಬಿಡಿ!

ಹಿತ್ತಲಲ್ಲಿ ಕೋಳಿ ಸಾಕುವವರ ಕಿವಿಗೆ ಇವತ್ತಲ್ಲ ನಾಳೆ ಬೀಳಲೇಬೇಕಾದ ಮಾತೊಂದಿದೆ: ‘ನಮ್ಮ ಟಾಮಿ ಏನೂ ಮಾಡಲ್ಲ ಬಿಡಿ.’ ಪಕ್ಕದ ಮನೆಯವರು ಇದನ್ನು ಹೇಳುತ್ತಿರುವಾಗಲೇ ಟಾಮಿ ಬೇಲಿಯ ಬುಡಕ್ಕೆ ಮೂಗು ತೂರಿಸಿ ಸರ್ವೆ ಕೆಲಸ ಶುರು ಮಾಡಿರುತ್ತದೆ. ಅವರು ಹೇಳುವುದು ಸುಳ್ಳೂ ಅಲ್ಲ. ಮನೆಯೊಳಗೆ ಅದು ಸಾಧು. ಆದರೆ ಮನೆಯೊಳಗೆ ಯಾರೂ ರೆಕ್ಕೆ ಬಡಿದು ಕಿರುಚುತ್ತಾ ಓಡುವುದಿಲ್ಲವಲ್ಲ! ಓಡುವ, ಪಟಪಟಿಸುವ ಜೀವ ಕಂಡರೆ ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಅದಕ್ಕೆ ಹಸಿವೇ ಬೇಕಿಲ್ಲ. ಒಂದು ಕೋಳಿ ಒದ್ದಾಟ ನಿಲ್ಲಿಸಿದ ಕೂಡಲೇ ಅದನ್ನು ಬಿಟ್ಟು ಇನ್ನೊಂದರ ಬೆನ್ನು ಹತ್ತುತ್ತದೆ. ‘ಎರಡು ಹೊತ್ತು ಹೊಟ್ಟೆ ತುಂಬಾ ಹಾಕ್ತೀವ್ರೀ’ ಎಂಬ ಸಮಜಾಯಿಷಿಯಿಂದ ಕೋಳಿಗೆ ಏನೂ ಲಾಭವಿಲ್ಲ.

ಅನಾಹುತ ಆದಮೇಲೆ ಬರುವ ಮಾತು, ‘ನರಿ ಬಂದಿರ್ಬೇಕು.’ ನರಿ ಸಾಮಾನ್ಯವಾಗಿ ಸಿಕ್ಕಿದ್ದನ್ನು ಹೊತ್ತೊಯ್ಯುತ್ತದೆ. ನಾಯಿಯಾದರೆ ಹೆಣಗಳು ಅಲ್ಲಲ್ಲೇ ಬಿದ್ದಿರುತ್ತವೆ, ಬೆನ್ನು, ತೊಡೆ, ಬಾಲದ ಬುಡದಲ್ಲಿ ಹಲ್ಲಿನ ಗುರುತು, ಜೊಲ್ಲಿಗೆ ಅಂಟಿದ ಪುಕ್ಕ, ಅಂಗಳ ತುಂಬಾ ಗರಿ. ಗುಡಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ: ಹರಿದ ಜಾಲರಿಯದು, ಹೆಜ್ಜೆಯದು, ಕೋಳಿಯದು. ಹೆಜ್ಜೆಯಲ್ಲಿ ಉಗುರಿನ ಗುರುತಿದ್ದರೆ ಬೆಕ್ಕಿನ ಮೇಲೆ ಹಾಕುವಂತಿಲ್ಲ, ಅದು ಉಗುರು ಒಳಗೆಳೆದುಕೊಂಡು ನಡೆಯುವ ಪ್ರಾಣಿ. ನೆರೆಯವರ ಜೊತೆ ಜಗಳಕ್ಕಿಂತ ಫೋಟೋ ಹೆಚ್ಚು ಮಾತಾಡುತ್ತದೆ. ಆದರೂ ಅವರು ನಾಯಿ ಕಟ್ಟುತ್ತಾರೆಂದು ನಂಬಿ ಬೇಲಿಯ ಕೆಲಸ ಮುಂದೂಡಬೇಡಿ. ಕಟ್ಟುತ್ತಾರೆ, ನಾಲ್ಕು ದಿನ.

ಬೇಲಿಯೆಂದರೆ ಎಲ್ಲರೂ ಮೊದಲು ತರುವುದು ಆರು ಮೂಲೆ ಕಣ್ಣಿನ ಕೋಳಿ ಜಾಲರಿ. ಅದು ಕೋಳಿ ಹೊರಗೆ ಹೋಗದಂತೆ ಮಾಡಿದ್ದೇ ಹೊರತು ನಾಯಿ ಒಳಗೆ ಬರದಂತೆ ಮಾಡಿದ್ದಲ್ಲ. ತೆಳು ತಂತಿಯನ್ನು ಹೊಸೆದಿರುತ್ತಾರೆ ಅಷ್ಟೇ, ಒಂದೆರಡು ಕಡೆ ಕಿತ್ತರೆ ತೂತು ತಾನಾಗಿ ದೊಡ್ಡದಾಗುತ್ತದೆ. ಬೇಕಾದದ್ದು 14 ಅಥವಾ 16 ಗೇಜಿನ ವೆಲ್ಡ್ ಮೆಶ್, ಅಂದರೆ ಹೊಸೆಯದೆ ಬೆಸೆದ ತಂತಿಯ ಜಾಲರಿ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. ಇದು ಗೊತ್ತಿಲ್ಲದೆ ‘ದೊಡ್ಡ ನಂಬರಿನದೇ ಕೊಡಿ’ ಎಂದು ಗತ್ತಿನಿಂದ ಕೇಳಿ ಸೊಳ್ಳೆ ಪರದೆಯಂಥದ್ದನ್ನು ಹೊತ್ತು ತರುವವರಿಗೆ ಕೊರತೆಯಿಲ್ಲ. ಕೆಳಗಿನ 2 ಅಡಿಯಲ್ಲಿ ಕಣ್ಣು 1 ಇಂಚಿಗಿಂತ ದೊಡ್ಡದಿರಬಾರದು, ಏಕೆಂದರೆ ಹೊರಗೇನು ಗಲಾಟೆ ಎಂದು ತಲೆ ಹೊರಹಾಕಿ ನೋಡುವ ಕುತೂಹಲ ಕೋಳಿಗಿದೆ, ಆ ತಲೆಗಾಗಿ ಕಾಯುವ ತಾಳ್ಮೆ ನಾಯಿಗೂ ಇದೆ.

ಮೆಶ್ಶನ್ನು ಕಂಬದ ಹೊರಮೈಗೆ ಹೊಡೆಯಿರಿ. ಆಗ ನಾಯಿ ನೂಕಿದಷ್ಟೂ ಅದು ಕಂಬಕ್ಕೇ ಒತ್ತುತ್ತದೆ. ಒಳಮೈಗೆ ಹೊಡೆದರೆ ಒಂದೇ ನೂಕಿಗೆ ಯು ಮೊಳೆಗಳು ಕಿತ್ತು ಬರುತ್ತವೆ. ಬಾಗಿಲಿಗೂ ಇದೇ ಲೆಕ್ಕ, ಹೊರಕ್ಕೆ ತೆರೆಯುವಂತಿರಲಿ. ಬರೀ ಕೊಂಡಿ ಹಾಕಿದರೆ ಮೂಗಿನಲ್ಲಿ ಎತ್ತುವುದನ್ನು ನಾಯಿ ಬೇಗ ಕಲಿಯುತ್ತದೆ. ಚಿಲಕ ಹಾಕಿ, ಅದರ ತೂತಿಗೊಂದು ಪಿನ್ ಸಿಕ್ಕಿಸಿ. ಎತ್ತರ 6 ಅಡಿ. 4 ಅಡಿಯ ಬೇಲಿ ಟಾಮಿಗೆ ಬೆಳಗಿನ ವ್ಯಾಯಾಮ.

ಇಷ್ಟಾದಮೇಲೆ ಅದು ನೆಲ ಅಗೆಯುತ್ತದೆ. 2 ಅಡಿ ಅಗಲದ ಮೆಶ್ಶನ್ನು ಬೇಲಿಯ ಬುಡದಿಂದ ಹೊರಕ್ಕೆ ನೆಲದ ಮೇಲೆ ಹಾಸಿ, ಬೇಲಿಗೆ ಬೈಂಡಿಂಗ್ ವೈರಿನಿಂದ ಬಿಗಿದು, ಒಂದೂವರೆ ಅಡಿಗೊಂದರಂತೆ ಬಗ್ಗಿಸಿದ ಸರಳಿನ ಗೂಟ ಹೊಡೆಯಿರಿ. ಸ್ವಲ್ಪ ದಿನದಲ್ಲಿ ಹುಲ್ಲು ಬೆಳೆದು ಮುಚ್ಚಿಕೊಳ್ಳುತ್ತದೆ. ನಾಯಿ ಅಗೆಯುವುದು ಬೇಲಿಗೆ ಮೂಗು ತಾಗಿಸಿಕೊಂಡೇ, ಅಲ್ಲಿ ಉಗುರಿಗೆ ತಂತಿ ಸಿಗುತ್ತದೆ. ಎರಡಡಿ ಹಿಂದೆ ಸರಿದು ಅಗೆದರಾಯಿತು ಎಂಬ ಎಂಜಿನಿಯರಿಂಗ್ ಸಾಮಾನ್ಯವಾಗಿ ಅದಕ್ಕೆ ಹೊಳೆಯುವುದಿಲ್ಲ.

ಕೆಳಗಿನ 3 ಅಡಿಗೆ ಶೇಡ್ ನೆಟ್ ಕಟ್ಟಿದರೆ ಒಳಗಿನ ಓಡಾಟ ಕಾಣದೆ ಅರ್ಧ ಉತ್ಸಾಹ ಇಳಿಯುತ್ತದೆ. ಬೇಲಿಯ ಸುತ್ತ ಎರಚುವ ಖಾರದ ಪುಡಿಯ ಆಟ ಮೊದಲ ಮಳೆಯವರೆಗೆ ಮಾತ್ರ. ವಿಷದ ಮಾತು ಬೇಡವೇ ಬೇಡ, ಅದು ಯಾರ ಬಾಯಿಗೆ ಹೋಗುತ್ತದೆಂದು ಹೇಳಲಾಗದು. ವಿದ್ಯುತ್ ಬೇಲಿ ಹಾಕುವುದಾದರೆ ಅದಕ್ಕೆಂದೇ ಮಾಡಿದ, ಬಿಟ್ಟು ಬಿಟ್ಟು ಶಾಕ್ ಕೊಡುವ ಯಂತ್ರವೇ ಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಟ್ಟರೆ ಮನುಷ್ಯರೇ ಸಾಯುತ್ತಾರೆ. ಯಂತ್ರ ಸರಿಯಿದ್ದೂ ಶಾಕ್ ಹೊಡೆಯದಿದ್ದರೆ ತಂತಿಗೆ ತಾಗಿದ ಹುಲ್ಲು ನೋಡಿ, ಆಮೇಲೆ ಯಂತ್ರದಿಂದ ನೆಲಕ್ಕೆ ಹೂತ ಅರ್ತ್ ಸರಳಿನ ಸುತ್ತ ಮಣ್ಣು ಒಣಗಿದೆಯೇ ನೋಡಿ.

ನಾಯಿ ಒಳಗೆ ನುಗ್ಗಿಯೇಬಿಟ್ಟಿದ್ದರೆ ಕಿರುಚುತ್ತಾ ಓಡಬೇಡಿ, ಗದ್ದಲ ಹೆಚ್ಚಿದಷ್ಟೂ ಅದಕ್ಕೆ ಹುಮ್ಮಸ್ಸು. ಕೋಳಿಯನ್ನು ಎತ್ತಿ ತಲೆಯ ಮೇಲೆ ಹಿಡಿದರೆ ನಾಯಿ ನಿಮ್ಮ ಮೇಲೇ ಹಾರುತ್ತದೆ. ಬಾಯಿಗೆ ಕೈ ಹಾಕದೆ, ಮುಖಕ್ಕೆ ಬಕೆಟ್ ನೀರು ಎರಚಿ, ಬಾಗಿಲು ಪೂರ್ತಿ ತೆರೆದು ಹೊರದಾರಿ ಬಿಟ್ಟುಕೊಡಿ.

ಆಮೇಲೆ ಎಲ್ಲ ಕೋಳಿಗಳನ್ನೂ ಒಂದೊಂದಾಗಿ ಹಿಡಿದು ಗರಿ ಸರಿಸಿ ನೋಡಿ. ಮೇಲೆ ಚೆನ್ನಾಗಿ ಕಂಡರೂ ರೆಕ್ಕೆಯಡಿ ಹಲ್ಲಿನ ಆಳವಾದ ತೂತು ಇರಬಹುದು. ಉಪ್ಪುನೀರಿನಲ್ಲಿ ತೊಳೆದು, ಆಳವಿದ್ದರೆ ಪಶುವೈದ್ಯರಿಗೆ ತೋರಿಸಿ. ಗಾಯಗೊಂಡದ್ದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇರೆಯೇ ಇಡಿ, ರಕ್ತ ಕಂಡರೆ ಜೊತೆಯವೇ ಕುಕ್ಕುತ್ತವೆ. ಬದುಕುಳಿದವು ಕೆಲವು ದಿನ, ಒಮ್ಮೊಮ್ಮೆ ವಾರಗಟ್ಟಲೆ, ಮೊಟ್ಟೆ ನಿಲ್ಲಿಸಿ ಮುಷ್ಕರ ಹೂಡುತ್ತವೆ. ಮೇವು ಮಾತ್ರ ಎಂದಿನಂತೆ ಹಾಕುತ್ತಿರಬೇಕು.