ಒಂದೂವರೆ ಲಕ್ಷಕ್ಕೆ ಹಳೇ ಕಾರು: ಸಂಸಾರಕ್ಕೆ ತರಬಹುದೇ? ಪರ – ವಿರೋಧ

ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಇರುವ ನಾಲ್ಕೈದು ಜನರ ಮನೆ. ಕೈಯಲ್ಲಿರುವುದು ಒಂದೂವರೆ ಲಕ್ಷ ರೂಪಾಯಿ. 2012–13ರ ಆಲ್ಟೋ, ವ್ಯಾಗನ್‌ಆರ್, ಸ್ಯಾಂಟ್ರೋದಂಥ ಪೆಟ್ರೋಲ್ ಗಾಡಿ ಕೊಳ್ಳುವುದು ಸರಿಯೇ?

ಪರ: ಕೊಳ್ಳಿ, ಆದರೆ ಮೊದಲು ಬಾನೆಟ್ ಎತ್ತಿಸಿ ನೀರು ನೋಡಿ

ಹಳೇ ಕಾರೆಂದರೆ ಜನ ಅದರ ವಯಸ್ಸು ಕೇಳಿ ಹೆದರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ್ದು, ಅದರ ರೇಡಿಯೇಟರಿಗೆ ಇಷ್ಟು ವರ್ಷ ಯಾವ ನೀರು ಹೊಯ್ದಿದ್ದಾರೆ ಎಂದು. ಸದಾ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಬಹುಪಾಲು ಮನೆಗಳಿಗೆ ಬರುವುದು ಬೋರ್‌ವೆಲ್ ನೀರು. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಸುಣ್ಣ ಕಟ್ಟುವುದನ್ನು ಇಲ್ಲಿ ನೋಡದವರಿಲ್ಲ. ಅದೇ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ನಿನ ಒಳಗಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಆ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಎಂಜಿನ್ ವಿಪರೀತ ಕಾಯುತ್ತದೆ, ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದರಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹೆಡ್ ಬಿಚ್ಚಿ ಲೇತಿಗೆ ಕಳಿಸಿ ಮಟ್ಟ ಮಾಡಿಸುವ ಹೊತ್ತಿಗೆ ಸಾವಿರಗಟ್ಟಲೆ ಖರ್ಚು, ವಾರಗಟ್ಟಲೆ ಗ್ಯಾರೇಜು. ಹನ್ನೆರಡು ವರ್ಷ ಕೂಲಂಟ್ (ಎಂಜಿನ್ ತಂಪಿಡುವ, ತುಕ್ಕು ತಡೆಯುವ ದ್ರವ) ಕುಡಿದ ಗಾಡಿಗೂ ಬೋರ್‌ವೆಲ್ ನೀರು ಕುಡಿದ ಗಾಡಿಗೂ ಇರುವ ವ್ಯತ್ಯಾಸ ಓಡೋಮೀಟರಿನಲ್ಲಿ ಕಾಣುವುದಿಲ್ಲ.

ಅದನ್ನು ಪತ್ತೆ ಮಾಡುವುದು ಸುಲಭ. ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೋಗಿ. "ನಾವು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಣ್ಣ" ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮರುದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿದ್ದರೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಒಳಗೆ ಹಸಿರೋ ಕೆಂಪೋ ನೀಲಿಯೋ ತಿಳಿಯಾದ ಕೂಲಂಟ್ ಇರಬೇಕು. ಕಂದು ನೀರಿದ್ದರೆ ತುಕ್ಕು. ಬಾಯಂಚಿಗೆ ಬಿಳಿ ಹಕ್ಕಳೆ ಇದ್ದರೆ ನಲ್ಲಿ ನೀರು. ಆಮೇಲೆ ಎಂಜಿನ್ ಆಯಿಲ್ ಹಾಕುವ ಕ್ಯಾಪ್ ತಿರುಗಿಸಿ ಅದರ ಅಡಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣದ ಲೋಳೆ ದಪ್ಪಗೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆ ಎಂದು ಅನುಮಾನಿಸಬೇಕು. ಅಂಥ ಗಾಡಿ ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಈಗ ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ: ರಿಂಗ್ ಸವೆದಿದೆ ಇಲ್ಲವೇ ವಾಲ್ವ್ ಸೀಲ್ ಹೋಗಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ಟಿನ ಮಾತು. ಕ್ಲಚ್ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ತಕ್ಷಣ ಆಫ್ ಆಗಬೇಕು. ಗುರುಗುಟ್ಟುತ್ತಾ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಖಾಲಿ ಬಯಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿದಾಗ ಟಕಟಕ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಹೋಗಿದೆ. ಇವೆರಡೂ ರಿಪೇರಿಯಾಗುವಂಥವು, ಬೆಲೆ ಇಳಿಸಲು ಕಾರಣವಾದಾವು. ಅಪಘಾತವಾಗಿ ಟಿಂಕರಿಂಗ್ ಆದ ಗಾಡಿ ಮಾತ್ರ ಬೇರೆ ವಿಷಯ. ಬಾಗಿಲಿನ ರಬ್ಬರ್ ಬೀಡಿಂಗ್ ಕೊಂಚ ಎಳೆದು ಕಂಬದ ಮೇಲಿನ ವೆಲ್ಡಿಂಗ್ ಚುಕ್ಕೆಗಳು ಸಮ ಅಂತರದಲ್ಲಿವೆಯೇ ನೋಡಿ. ಬಾನೆಟ್ಟಿನ, ಫೆಂಡರಿನ ಬೋಲ್ಟ್‌ಗಳ ಪೇಂಟ್ ಕಿತ್ತಿದೆಯೇ ನೋಡಿ. ಕಾರ್ಪೆಟ್ ಎತ್ತಿ ನೆಲದ ತಗಡಿನ ತುಕ್ಕು ನೋಡುವುದನ್ನು ಮರೆಯಬೇಡಿ.

ಯಾವ ಎಂಜಿನ್ ಎಂಬುದೂ ಮುಖ್ಯ. 2010ರ ನಂತರದ ವ್ಯಾಗನ್‌ಆರ್ ಮತ್ತು ಆಲ್ಟೋ ಕೆ10ರಲ್ಲಿರುವ 998 ಸಿಸಿ ಎಂಜಿನ್ನಿಗೆ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದೆ, ಆಯಿಲ್ ಸರಿಯಾಗಿ ಬದಲಿಸಿದರೆ ಅದರ ಗೊಡವೆಯಿಲ್ಲ. ಸ್ಯಾಂಟ್ರೋದ 1086 ಸಿಸಿ ಎಂಜಿನ್ನಿಗೆ ಅದೇ ಕೆಲಸಕ್ಕೆ ಇರುವುದು ರಬ್ಬರ್ ಬೆಲ್ಟ್. ಅದು ಓಡುವಾಗ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಹಿಂದಿನವರು ಬದಲಿಸಿದ ಬಿಲ್ ತೋರಿಸದಿದ್ದರೆ, ಕೊಂಡ ವಾರದಲ್ಲೇ ಬೆಲ್ಟನ್ನೂ ಟೆನ್ಷನರನ್ನೂ ಬದಲಿಸಿ. ಇನ್ಶೂರೆನ್ಸಿನಲ್ಲೂ ವ್ಯತ್ಯಾಸವಿದೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ಎದುರಿನವರಿಗಾದ ನಷ್ಟವನ್ನಷ್ಟೇ ತುಂಬುವ ವಿಮೆ) ದರ 1000 ಸಿಸಿ ಮೀರದ ಕಾರಿಗೆ 2,094 ರೂಪಾಯಿ, ಅದಕ್ಕೂ ಮೇಲೆ 1500 ಸಿಸಿವರೆಗೆ 3,416. ತೆರಿಗೆ ಬೇರೆ.

ಒಂದೂವರೆ ಲಕ್ಷವಿದ್ದರೆ ಒಂದು ಲಕ್ಷದ ಗಾಡಿ ಕೊಳ್ಳಿ, ಐವತ್ತು ಸಾವಿರ ಬದಿಗಿಡಿ. ಇಡೀ ಒಂದೂವರೆ ಲಕ್ಷವನ್ನೂ ಮಾರುವವರ ಕೈಗೆ ಕೊಟ್ಟು ಬಂದವರೇ ಆಮೇಲೆ ಹಳೇ ಕಾರನ್ನು ಬೈಯುವುದು. ಆ ಐವತ್ತು ಸಾವಿರದಲ್ಲಿ ಮೊದಲ ತಿಂಗಳೇ ಎಂಜಿನ್ ಆಯಿಲ್ (ಈ ಸಣ್ಣ ಎಂಜಿನ್ನುಗಳಿಗೆ ಮೂರು ಲೀಟರಿನ ಆಸುಪಾಸು), ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ಫ್ಯಾನ್ ಬೆಲ್ಟ್ ಹೊಸದಾಗಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಟೈರಿನ ಗೀರುಗಳು ಆಳವಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಬದಲಿಸಿ. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 13.8ರಿಂದ 14.4 ಬರಬೇಕು.

ಕೂಲಿಂಗ್ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ ಹಳೇ ನೀರನ್ನು ಬಕೆಟ್ಟಿಗೆ ಇಳಿಸಿ; ದನಕರು, ನಾಯಿ ಮೂಸುವಲ್ಲಿ ಚೆಲ್ಲಬೇಡಿ, ಕೂಲಂಟ್ ವಿಷ. ತಿರುಪು ಹಾಕಿ ಡಿಸ್ಟಿಲ್ಡ್ ವಾಟರ್ ತುಂಬಿ, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ ಅದೇ. ಹೀಟರ್ ಗುಬಟು ಕೆಂಪಿನ ಕಡೆಗೆ ತಿರುಗಿಸಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಇಳಿಸಿ. ಬರುವ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ತುಂಬಿ. ರೆಡಿಮಿಕ್ಸ್ ಡಬ್ಬಿ ತಂದಿದ್ದರೆ ನೀರು ಬೆರೆಸುವಂತಿಲ್ಲ. ಗುಳ್ಳೆ ಬರುವುದು ನಿಂತ ಮೇಲೆ ಕ್ಯಾಪ್ ಹಾಕಿ. ಗಾಡಿ ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವ ಪದ್ಧತಿ ನಮ್ಮ ಕಡೆ ಇದೆ. ಅದು ತಪ್ಪು. ವಾಲ್ವ್ ಇಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯೇರಲು ಬಹಳ ಹೊತ್ತು ಹಿಡಿಯುತ್ತದೆ; ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಗೆ ಸವೆತವೂ ಹೆಚ್ಚು. ಹೊಸ ವಾಲ್ವಿನ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ.

ಇಷ್ಟಾದ ಮೇಲೆ ತಿಂಗಳಿಗೆ 500 ಕಿಲೋಮೀಟರ್ ಓಡುವ ಮನೆಗೆ ವರ್ಷದ ಸರ್ವಿಸ್, ರಿಪೇರಿ 20–25 ಸಾವಿರದಲ್ಲಿ ಮುಗಿಯಬೇಕು. ಐದು ಲಕ್ಷ ಸಾಲ ಮಾಡಿ ಹೊಸ ಕಾರು ತಂದರೆ ಶೇ. 9.5 ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ 10,500 ರೂಪಾಯಿ ಕಂತು, ವರ್ಷಕ್ಕೆ ಒಂದೂಕಾಲು ಲಕ್ಷ. ಟೊಮೆಟೊ ಬೆಲೆ ಬಿದ್ದ ವರ್ಷವೂ ಕಂತು ನಿಲ್ಲುವುದಿಲ್ಲ. ಹಳೇ ಗಾಡಿಯ ರಿಪೇರಿಯನ್ನಾದರೆ, ಬ್ರೇಕು ಟೈರು ಬಿಟ್ಟು, ಮುಂದಿನ ತಿಂಗಳಿಗೆ ದಾಟಿಸಬಹುದು. ಮೇಲಾಗಿ ಈ ಗಾಡಿಗಳ ಭಾಗಗಳು ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಬಿಚ್ಚಿ ಕಟ್ಟಲು ಬಲ್ಲ ಮೆಕ್ಯಾನಿಕ್ ಊರೂರಲ್ಲೂ ಇದ್ದಾರೆ. ರಾತ್ರಿ ಅಜ್ಜಿಗೆ ಎದೆನೋವು ಬಂದಾಗ ಬಾಗಿಲಲ್ಲಿ ನಿಂತಿರುವ ಗಾಡಿ ಯಾವ ಇಸವಿಯದೆಂದು ಯಾರೂ ಕೇಳುವುದಿಲ್ಲ.

ವಿರೋಧ: ಎಂಜಿನ್ ಸರಿ ಮಾಡಬಹುದು, ಇಲ್ಲದ ಏರ್‌ಬ್ಯಾಗ್ ಹಾಕಿಸಲಾಗದು

ರೇಡಿಯೇಟರ್, ಕ್ಲಚ್, ಬೆಲ್ಟ್ ಎಲ್ಲವೂ ಹೇಳಿದಂತೆಯೇ ಸರಿಹೋಗುತ್ತವೆ, ಒಪ್ಪೋಣ. ಆದರೆ ಆ ಗಾಡಿ ಓಡುವುದು ಊರೊಳಗಿನ ಬೀದಿಯಲ್ಲಷ್ಟೇ ಅಲ್ಲ. ಕೋಲಾರದ ಸಂಸಾರ ಕಾರು ಕೊಂಡ ಮೇಲೆ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಏರಲೇಬೇಕು: ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ತಿರುಪತಿ. ಅಲ್ಲಿ ಲಾರಿಗಳು, ತರಕಾರಿ ಹೊತ್ತ ಟೆಂಪೋಗಳು, ಲೈಟಿಲ್ಲದೆ ಎದುರು ದಿಕ್ಕಿನಿಂದ ಬರುವ ಟ್ರ್ಯಾಕ್ಟರ್.

ಭಾರತದಲ್ಲಿ ಮಾರುವ ಎಲ್ಲ ಹೊಸ ಕಾರಿಗೂ ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. 2012–13ರ ಅಗ್ಗದ ಮಾಡೆಲ್‌ಗಳಲ್ಲಿ ಎರಡೂ ಇರುವುದು ಅಪರೂಪ. ಎಬಿಎಸ್ ಇಲ್ಲದ ಗಾಡಿಯಲ್ಲಿ ಹೆದರಿ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗುತ್ತದೆ. ಲಾಕ್ ಆದ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ, ಗಾಡಿ ನೇರ ಹೋಗಿ ಗುದ್ದುತ್ತದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಏರ್‌ಬ್ಯಾಗ್ ಇಲ್ಲದ ರೂಪದಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೋ 800, ಐ10 ಸೇರಿ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕದ್ದು ಸೊನ್ನೆ ನಕ್ಷತ್ರ. ಅವು ಹೊಚ್ಚ ಹೊಸ ಗಾಡಿಗಳು. ಅದಕ್ಕೆ ಹನ್ನೆರಡು ವರ್ಷದ ತುಕ್ಕು, ಸಡಿಲವಾದ ಸೀಟ್ ಬೆಲ್ಟ್, ಎಲ್ಲೋ ಒಮ್ಮೆ ಆದ ಟಿಂಕರಿಂಗ್ ಸೇರಿಸಿಕೊಳ್ಳಿ. ಹಿಂದಿನ ಸೀಟಿನಲ್ಲಿ ಕೂರುವವರು ಮಕ್ಕಳು. ಆಸ್ಪತ್ರೆಗೆ ಬೇಗ ಮುಟ್ಟಿಸುತ್ತದೆಂದು ಕೊಂಡ ಗಾಡಿಯ ಬಗ್ಗೆ ಈ ಲೆಕ್ಕವನ್ನೂ ಹಾಕಬೇಕು.

ಇನ್ಶೂರೆನ್ಸ್ ಇದೆಯಲ್ಲ ಎನ್ನುವವರು ಪಾಲಿಸಿ ಓದಬೇಕು. 2,094 ರೂಪಾಯಿಯ ಥರ್ಡ್ ಪಾರ್ಟಿ ನಿಮ್ಮ ಗಾಡಿಗೆ ಒಂದು ಪೈಸೆ ಕೊಡುವುದಿಲ್ಲ. ಫುಲ್ ಇನ್ಶೂರೆನ್ಸ್ ಮಾಡಿಸಿದರೂ ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಸವಕಳಿ ಶೇ. 50, ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಶೇ. 50. ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಕವರ್ ಇಷ್ಟು ಹಳೇ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಮುಂಭಾಗ ಜಜ್ಜಿದರೆ ಭಾಗಗಳ ಬಿಲ್ಲಿನ ಅರ್ಧ ನಿಮ್ಮದೇ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ಕಾಗದಪತ್ರದ ಕೆಲಸವೂ ಚಿಕ್ಕದಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಡ್ಯಾಶ್‌ಬೋರ್ಡಿನೊಳಗೆ ಇಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮಾರಿದವರಿಗೂ ಅದು ಕೊರಳಿಗೆ ಉರುಳು. ಆರ್‌ಸಿಯಲ್ಲಿ ಬ್ಯಾಂಕಿನ ಹೈಪೋಥಿಕೇಶನ್ (ಸಾಲದ ಅಡಮಾನ) ಹಾಗೇ ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ಹೆಸರು ಬದಲಾಗುವುದಿಲ್ಲ, ಹತ್ತು ವರ್ಷದ ಹಿಂದಿನ ಸಾಲದ ಎನ್‌ಒಸಿ ತರಿಸುವುದೇ ಒಂದು ಅಲೆದಾಟ. ಹಳೇ ಇ-ಚಲನ್‌ಗಳೂ ಕೊಳ್ಳುವವರ ತಲೆಗೇ ಬರಬಹುದು, ಹಣ ಕೊಡುವ ಮುಂಚೆ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಡಬೇಕು.

ಇದೆಲ್ಲ ಮುಗಿಸಿ ಎಷ್ಟು ದಿನ ಓಡಿಸುತ್ತೀರಿ? 2013ರಲ್ಲಿ ನೋಂದಣಿಯಾದ ಕೆಎ-07 ಗಾಡಿಯ ಆರ್‌ಸಿ 2028ಕ್ಕೆ ಮುಗಿಯುತ್ತದೆ. ಜನ "ಎಫ್‌ಸಿ" ಎನ್ನುವ ಮರುನೋಂದಣಿ ಆಗುವುದು ಐದು ವರ್ಷಕ್ಕೆ. ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ತಡವಾದರೆ ತಿಂಗಳಿಗೆ 500 ದಂಡ, ಹಸಿರು ತೆರಿಗೆ ಬೇರೆ. ತಪಾಸಣೆಗೆ ಒಯ್ಯುವ ಮುನ್ನ ತುಕ್ಕು ಕೀಳಿಸಿ ಪೇಂಟ್ ಮಾಡಿಸಿ, ಹೆಡ್‌ಲೈಟ್, ಹಾರ್ನ್, ಬ್ರೇಕ್ ಸರಿಪಡಿಸುವ ಹೊತ್ತಿಗೆ ಸರ್ಕಾರಿ ಶುಲ್ಕಕ್ಕಿಂತ ಹಲವು ಪಟ್ಟು ಖರ್ಚಾಗಿರುತ್ತದೆ.

ಪೆಟ್ರೋಲ್ ಕೂಡ ಈಗ ಬೇರೆ. ಬಂಕಿನಲ್ಲಿ ಬರುತ್ತಿರುವುದು ಶೇ. 20 ಎಥೆನಾಲ್ ಬೆರೆತದ್ದು. ಈ ಗಾಡಿಗಳ ರಬ್ಬರ್ ಹೋಸ್, ಸೀಲುಗಳು ಅದಕ್ಕೆಂದು ಮಾಡಿದವಲ್ಲ. ನೀತಿ ಆಯೋಗದ ಎಥೆನಾಲ್ ವರದಿಯೇ ಹಳೇ ವಿನ್ಯಾಸದ ಕಾರುಗಳಲ್ಲಿ ಇಂಧನ ದಕ್ಷತೆ ಶೇ. 6–7 ಇಳಿಯಬಹುದೆಂದು ಅಂದಾಜಿಸಿತ್ತು. ಎಥೆನಾಲ್ ತೇವ ಹೀರುತ್ತದೆ. ವಾರಗಟ್ಟಲೆ ನಿಂತೇ ಇರುವ ಗಾಡಿಯ ಅರೆಖಾಲಿ ಟ್ಯಾಂಕಿಗೆ ಅದು ಒಳ್ಳೆಯದಲ್ಲ. ಬಡ ಸಂಸಾರದ ಕಾರು ಬಹುಪಾಲು ನಿಂತೇ ಇರುತ್ತದೆ ತಾನೆ?

ಪರವಾದಿಗಳು ಹಳೇ ಕಾರನ್ನು ಐದು ಲಕ್ಷದ ಹೊಸ ಕಾರಿಗೆ ಹೋಲಿಸಿದರು. ಹೋಲಿಸಬೇಕಾದ್ದು ಬಾಡಿಗೆ ಗಾಡಿಗೆ. ತಿಂಗಳಿಗೆ ಎರಡು ಸಲ ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರುವುದೆಂದರೆ ಸಲಕ್ಕೆ ಸುಮಾರು 140 ಕಿಲೋಮೀಟರ್, ವರ್ಷಕ್ಕೆ 24 ಸಲ. ಒಂದು ಸಲಕ್ಕೆ 2,500 ಬಾಡಿಗೆ ಎಂದು ಹಿಡಿದರೆ ವರ್ಷಕ್ಕೆ 60 ಸಾವಿರ. ಅದೇ ಓಡಾಟಕ್ಕೆ ಸ್ವಂತ ಹಳೇ ಗಾಡಿ ಲೀಟರಿಗೆ 16 ಕಿಲೋಮೀಟರ್ ಕೊಟ್ಟರೂ ಪೆಟ್ರೋಲ್ 21 ಸಾವಿರ ದಾಟುತ್ತದೆ. ಸರ್ವಿಸ್, ರಿಪೇರಿ ಅವರೇ ಹೇಳಿದಂತೆ 25 ಸಾವಿರ, ಇನ್ಶೂರೆನ್ಸ್, ಹೊಗೆ ತಪಾಸಣೆ ಮೂರು ಸಾವಿರ. ಬದಲಿಸಲೆಂದು ತೆಗೆದಿಟ್ಟ ಐವತ್ತು ಸಾವಿರ ಈ ಲೆಕ್ಕಕ್ಕೆ ಸೇರಿಲ್ಲ. ಉಳಿತಾಯ ಎಲ್ಲಿದೆ? ದಿನವೂ ಓಡಿಸುವ ಅಗತ್ಯ ನಿಜವಾಗಿಯೂ ಇರುವ ಮನೆಯವರು ಇನ್ನೊಂದು ವರ್ಷ ಬಸ್ಸಿನಲ್ಲೇ ಓಡಾಡಿ, ಹಣ ಕೂಡಿಸಿ, 2019ರ ಜುಲೈ ನಂತರ ತಯಾರಾದ ಸಣ್ಣ ಕಾರನ್ನೇ ನೋಡಲಿ. ತಯಾರಾದ ತಿಂಗಳು ಆರ್‌ಸಿಯಲ್ಲೇ ಇರುತ್ತದೆ. ಸ್ಟೇರಿಂಗಿನ ಮೇಲೆ ಏರ್‌ಬ್ಯಾಗ್ ಗುರುತು ಇರಬೇಕು. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ಕಿತ್ತಿರಬಹುದು, ಆರದೇ ಇದ್ದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ದೋಷವಿದೆ. ಎರಡರಲ್ಲಿ ಯಾವುದಾದರೂ ಆ ಗಾಡಿ ಬಿಟ್ಟು ಮುಂದಿನದನ್ನು ನೋಡಿ.